ವಿಲಾಯತಿಯಲ್ಲಿ ಗುಂಡಮ್ಮನ ವಹಿ

ಹುಮನಾಬಾದ

ವಿಲಾಯತಿಗೆ ಹೋಗಿ ಬಂದವಳೆಂದು ಗೊತ್ತಾದರೆ ನಮ್ಮ ಕಡೆ ಜನ ಕೇಳುವ ಮೊದಲ ಮಾತು, ರಾಣಿಯನ್ನು ನೋಡಿದಿರೇನು ಎಂದು. ನೋಡಲಿಲ್ಲ. ಎರಡನೆಯ ಮಾತು, ಊಟಕ್ಕೆ ಏನು ಮಾಡಿದಿರಿ ಎಂದು. ಅದನ್ನು ಮುಂದೆ ಹೇಳುತ್ತೇನೆ. ಥೇಮ್ಸ್ ನದಿಯನ್ನು ಬಸ್ಸಿನ ಕಿಟಕಿಯಿಂದ ಒಂದು ಗಳಿಗೆ ಕಂಡೆ. ಮಳೆಗಾಲದ ನಮ್ಮ ಕಾರಂಜಾ ಹೊಳೆಯಷ್ಟೇ ಕಂದು ಬಣ್ಣದ ನೀರು. ಹದಿನೇಳು ದಿನ ನಾನು ಆ ದೇಶದಲ್ಲಿದ್ದೆ. ಅದರಲ್ಲಿ ಹೆಚ್ಚಿನ ದಿನ ಒಂದೇ ಕುರ್ಚಿಯ ಮೇಲೆ ಕುಳಿತು, ನಮ್ಮದೇ ಹುಮನಾಬಾದ ತಾಲೂಕಿನ ಒಬ್ಬ ಹೆಣ್ಣುಮಗಳು ಬರೆದ ವಹಿಯೊಂದನ್ನು ಓದಿದೆ. ನಮ್ಮೂರಿನ ಬರಹ ಓದಲು ಏಳು ಸಮುದ್ರ ದಾಟಬೇಕಾಯಿತು ಎಂದು ಈಗಲೂ ಮನೆಯಲ್ಲಿ ನನ್ನನ್ನು ಗೇಲಿ ಮಾಡುತ್ತಾರೆ.

ಎಂಬತ್ಮೂರನೆಯ ಇಸವಿ. ನಾನು ಬಸವಕಲ್ಯಾಣದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆ ಹುಮನಾಬಾದದಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಬೇಸಿಗೆ ರಜೆಗೆ ಸ್ವಲ್ಪ ಮುಂಚೆ ಶಾಲೆಗೆ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಎಂಬ ಊರಿನಿಂದ ಒಂದು ಪತ್ರ ಬಂತು. ಅಲ್ಲಿ ಹೆಂಗಸರ ಇತಿಹಾಸಕ್ಕೆಂದೇ ಇರುವ ಒಂದು ಗ್ರಂಥಾಲಯವಂತೆ. ನಿಜಾಮರ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಸಣ್ಣ ದವಾಖಾನೆ ನಡೆಸುತ್ತಿದ್ದ ಒಬ್ಬ ಇಂಗ್ಲಿಷ್ ನರ್ಸು, ಡೋರಾ ಎಂಬಾಕೆ, ತೀರಿಕೊಂಡ ಮೇಲೆ ಆಕೆಯ ಪೆಟ್ಟಿಗೆ ಅವರಿಗೆ ಬಂದಿತ್ತು. ಪೆಟ್ಟಿಗೆಯೊಳಗೆ ಅವರಾರೂ ಓದಲಾರದ ಒಂದು ವಹಿ. ಹೊದಿಕೆಯ ಮೇಲೆ ಇಂಗ್ಲಿಷಿನಲ್ಲಿ ಹುಮನಾಬಾದ ಎಂದಿದೆ, ಭಾಷೆ ತೆಲುಗು ಇರಬಹುದು, ನಿಮ್ಮ ಕಡೆ ಯಾರಾದರೂ ಓದಬಲ್ಲರೇ ಎಂದು ಕೇಳಿದ್ದರು. ಒಂದು ಪುಟದ ನಕಲನ್ನೂ ಲಗತ್ತಿಸಿದ್ದರು.

ಅದು ತೆಲುಗಲ್ಲ, ಕನ್ನಡ. ನಾವು ಅಂಗಳದಲ್ಲಿ ಆಡುವ ಕನ್ನಡ, ಆಡಿದ ಹಾಗೆಯೇ ಬರೆದದ್ದು. ‘ಸಿವಮ್ಮ. ಮೊದಲನೇ ಹೆರಗಿ. ಕೂಸ ಅಡ್ಡ ಬಂದಿತ್ತು. ಎರಡ ದಿನ ತಕಲೀಪ. ತಾಯಿ ಸುಕ. ಕೂಸ ಸುಕ.’ ಹೀಗೆ ಪುಟದ ತುಂಬ. ಒಬ್ಬ ಸೂಲಗಿತ್ತಿ ತಾನು ಮಾಡಿಸಿದ ಹೆರಿಗೆಗಳನ್ನು ಬರೆದಿಟ್ಟಿದ್ದಳು. ನಾನು ಆ ಪುಟವನ್ನು ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ. ತಿಂಗಳೊಳಗೆ ಮರುಪತ್ರ: ವಹಿಯಲ್ಲಿ ನೂರಕ್ಕೂ ಹೆಚ್ಚು ಪುಟಗಳಿವೆ, ಬಂದು ಓದಿಕೊಡುವಿರಾ, ಖರ್ಚೆಲ್ಲ ನಮ್ಮದು ಎಂದು.

ನಮ್ಮವರು ಪತ್ರವನ್ನು ಎರಡು ಸಲ ಓದಿ, ಇಷ್ಟು ದೂರ ಹೆಣ್ಣುಮಗಳು ಒಬ್ಬಳೇ ಹ್ಯಾಂಗ ಹೋಗೋದು ಎಂದು ತಮ್ಮ ಅವ್ವನ ಮುಖ ನೋಡಿದರು. ನಮ್ಮ ಅತ್ತೆ ಅಡಕೆ ಕತ್ತರಿಸುತ್ತಿದ್ದರು. ಅವರಿಗೆ ಓದು ಬಾರದು. ಪತ್ರದಲ್ಲಿ ಏನಿದೆ ಎಂದು ನನ್ನಿಂದ ಕೇಳಿ ತಿಳಿದುಕೊಂಡರು.

“ಹಡದ ಮನಿ ಸುದ್ದಿ ಬರದಾಳಂದ್ರ ಅದನ್ನ ಗಂಡಸರು ಓದಿ ಏನ್ ತಿಳಕೊಂತಾರ? ನೀನೇ ಹೋಗು,” ಎಂದರು. ಅಲ್ಲಿಗೆ ಮುಗಿಯಿತು.

ಎರಡು ಸ್ಟೇಷನ್ನುಗಳ ಊರು

ವಿಮಾನದಲ್ಲಿ ನನ್ನ ಮಸಿಪೆನ್ನು ಸೋರಿತು. ಬೊಂಬಾಯಿಯಲ್ಲಿ ಹತ್ತಿದಾಗ ಚಂದವಿದ್ದ ಇಳಕಲ್ ಸೀರೆಯ ಸೆರಗು ಲಂಡನ್ನಿನಲ್ಲಿ ಇಳಿಯುವಾಗ ಅರ್ಧ ನೀಲಿ. ಪಾಸ್‌ಪೋರ್ಟ್ ನೋಡುವ ಅಧಿಕಾರಿ ನನ್ನ ನೀಲಿ ಬೆರಳುಗಳನ್ನು ನೋಡಿ, ಏನು ಕೆಲಸ ಎಂದು ಕೇಳಿದ. ಮೇಷ್ಟ್ರಗಿತ್ತಿ ಎಂದೆ. ಕೈ ನೋಡಿದರೇ ತಿಳಿಯುತ್ತದೆ ಎಂದು ಮುದ್ರೆ ಒತ್ತಿಬಿಟ್ಟ.

ಲಂಡನ್ನಿನಿಂದ ಉತ್ತರಕ್ಕೆ ರೈಲು. ಲೀಡ್ಸ್ ಎಂಬಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯಬೇಕು. ನಾನು ಬ್ರಾಡ್‌ಫರ್ಡ್ ಎಂದು ಕೇಳಿದೆ, ಒಬ್ಬ ಸಭ್ಯ ಮುದುಕ ನನ್ನ ಪೆಟ್ಟಿಗೆಯನ್ನೇ ಎತ್ತಿ ಬ್ರಾಡ್‌ಫರ್ಡ್ ಗಾಡಿಯಲ್ಲಿ ಇಟ್ಟ. ಆ ಊರಿಗೆ ಎರಡು ರೈಲು ನಿಲ್ದಾಣಗಳಿವೆ, ಎರಡಕ್ಕೂ ಬೇರೆ ಬೇರೆ ಗಾಡಿ ಎಂಬುದು ಅವನಿಗೂ ಹೊಳೆಯಲಿಲ್ಲ, ನನಗಂತೂ ಗೊತ್ತೇ ಇರಲಿಲ್ಲ. ಇಡೀ ಹುಮನಾಬಾದ ತಾಲೂಕಿಗೆ ಆಗ ಒಂದೂ ರೈಲು ನಿಲ್ದಾಣ ಇರಲಿಲ್ಲ. ಒಂದು ಊರಿಗೆ ಎರಡು ಇರಬಹುದೆಂದು ನಾನು ಹೇಗೆ ಊಹಿಸಲಿ?

ಗ್ರಂಥಾಲಯದ ಮಾರ್ಗರೆಟ್ ಎಂಬವರು ನನ್ನನ್ನು ಕರೆದೊಯ್ಯಲು ಒಂದು ಸ್ಟೇಷನ್ನಿನಲ್ಲಿ ನಿಂತಿದ್ದರು, ನಾನು ಇನ್ನೊಂದರಲ್ಲಿ ಕುಳಿತಿದ್ದೆ. ಗಾಡಿ ಹೋಯಿತು, ಜನ ಹೋದರು. ಸೆಪ್ಟೆಂಬರ್ ತಿಂಗಳು, ಹಗಲಿನಲ್ಲೇ ನಮ್ಮ ಪುಷ್ಯ ಮಾಸದ ಚಳಿ. ಟೆಲಿಫೋನ್ ಮಾಡಲು ಡಬ್ಬಿಯೊಳಗೆ ಹೋದೆ. ಯಾವ ತೂತಿಗೆ ಯಾವ ನಾಣ್ಯ ಎಂದು ತಿಳಿಯದೆ ಹೊರಬಂದೆ. ಎರಡು ತಾಸು ಆಯಿತು. ಇಂಗ್ಲಿಷಿನಲ್ಲಿ ಕೇಳಿದರೆ ಅವರ ಉತ್ತರ ನನಗೆ ಹತ್ತುವುದಿಲ್ಲ; ಬಾಯಲ್ಲಿ ಬಿಸಿ ಬದನೆಕಾಯಿ ಇಟ್ಟುಕೊಂಡ ಹಾಗೆ ಆ ಸೀಮೆಯ ಮಾತು. ನಲವತ್ತೆಂಟು ವಯಸ್ಸಿನ ಹೆಂಗಸು ಪರಸ್ಥಳದಲ್ಲಿ ಅಳಬಾರದೆಂದು ತುಟಿ ಕಚ್ಚಿಕೊಂಡು ಕುಳಿತೆ. ಪ್ರಯೋಜನವಾಗಲಿಲ್ಲ.

ಆಗ ಕಸಬರಿಗೆ ಹಿಡಿದು ನೆಲ ಗುಡಿಸುತ್ತಿದ್ದ ಒಬ್ಬಾಕೆ ಬಂದು ಪಕ್ಕ ನಿಂತರು. ಸಲವಾರಿನ ಮೇಲೆ ದಪ್ಪ ಕೋಟು, ತಲೆಗೆ ದುಪಟ್ಟಾ. ಉರ್ದುವಿನಲ್ಲಿ ಕೇಳಿದರು, ಯಾಕಮ್ಮ ಅಳುತ್ತಿದ್ದೀ, ಎಲ್ಲಿಗೆ ಹೋಗಬೇಕು ಎಂದು.

ನಾನು ಕಲಿತದ್ದು ನಿಜಾಮರ ಕಾಲದ ಶಾಲೆಯಲ್ಲಿ, ಉರ್ದು ಮಾಧ್ಯಮದಲ್ಲಿ. ಕನ್ನಡ ಅಕ್ಷರವನ್ನು ಅಪ್ಪ ಮನೆಯಲ್ಲಿ ವಚನ ಓದಿಸಿ ಕಲಿಸಿದ್ದರು. ಐವತ್ತಾರರಲ್ಲಿ ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡದಲ್ಲಿ ಪರೀಕ್ಷೆ ಕಟ್ಟಿ ಮೇಷ್ಟ್ರಗಿತ್ತಿಯಾದೆ. ಆಮೇಲೆ ಉರ್ದು ಸಂತೆಯಲ್ಲಿ ಚೌಕಾಶಿಗೆ ಬಿಟ್ಟರೆ ಬಳಕೆಯಾಗಿದ್ದು ಕಡಿಮೆ. ಅದು ಇಂಗ್ಲೆಂಡಿನ ಸ್ಟೇಷನ್ನಿನ ಬೆಂಚಿನ ಮೇಲೆ ಒದಗಿ ಬಂತು. ನನ್ನ ದಖನಿ ಉರ್ದು ಕೇಳಿ ಆಕೆ ಮೊದಲು ನಕ್ಕರು, ಆಮೇಲೆ ಕಸಬರಿಗೆಯನ್ನು ಗೋಡೆಗೆ ಒರಗಿಸಿ ನನ್ನ ಪೆಟ್ಟಿಗೆ ಎತ್ತಿಕೊಂಡರು. ಸಕೀನಾ ಎಂದು ಹೆಸರು. ಪಾಕಿಸ್ತಾನದ ಮೀರಪುರದ ಕಡೆಯವರು, ಗಂಡ ಉಣ್ಣೆಯ ಗಿರಣಿಯಲ್ಲಿ ಕೆಲಸಕ್ಕಿದ್ದಾಗ ಇಲ್ಲಿಗೆ ಬಂದವರು. ಗ್ರಂಥಾಲಯದ ಬೀದಿ ಅವರಿಗೆ ಗೊತ್ತಿತ್ತು. ಹದಿನೈದು ವರ್ಷದಿಂದ ಅದರ ಮುಂದೆ ದಿನಾ ಹಾಯ್ದು ಹೋಗುತ್ತಾರೆ, ಒಳಗೆ ಎಂದೂ ಹೋಗಿಲ್ಲ.

ಮೊದಲ ದಿನ: ಪೆನ್ಸಿಲ್ಲು

ಮಾರ್ಗರೆಟ್ ಐವತ್ತರ ಆಸುಪಾಸಿನ, ಎತ್ತರದ, ಸ್ವಲ್ಪ ಬಾಗಿದ ಹೆಂಗಸು. ಮದುವೆಯಾಗಿಲ್ಲ. ಅವರ ಮನೆಯ ಮೇಲಿನ ಕೋಣೆಯಲ್ಲಿ ನನ್ನನ್ನು ಇರಿಸಿಕೊಂಡರು. ಬೆಕ್ಕಿನ ಕಾಲಿಗೆ ಕಾಲು ತಾಕಿದರೂ ಕ್ಷಮಿಸು ಎನ್ನುವ ಸ್ವಭಾವ. ಸ್ನಾನಕ್ಕೆ ತೊಟ್ಟಿ ತುಂಬಿಸಿಕೊಟ್ಟು, ಅದರೊಳಗೆ ಮಲಗಿಕೊಳ್ಳಿ ಎಂದರು. ತನ್ನ ಕೊಳೆಯಲ್ಲಿ ತಾನೇ ಮಲಗುವುದು ನನ್ನಿಂದಾಗದು. ತಂಬಿಗೆ ಕೇಳಿದೆ, ಕೈಯಲ್ಲಿ ಅಭಿನಯಿಸಿ ತೋರಿಸಿದೆ. ಅವರು ಬಹಳ ಯೋಚಿಸಿ ಹಾಲಿನ ಜಗ್ಗು ತಂದುಕೊಟ್ಟರು. ಹದಿನೇಳು ದಿನವೂ ಹೂವಿನ ಚಿತ್ರದ ಪಿಂಗಾಣಿ ಜಗ್ಗಿನಿಂದ ಮಿಂದೆ.

ಗ್ರಂಥಾಲಯ ಒಂದು ಹಳೆಯ ಶಾಲೆಯ ಕಟ್ಟಡದಲ್ಲಿತ್ತು. ನಮ್ಮೂರ ವಾಚನಾಲಯವೆಂದರೆ ಗಂಡಸರು ಪೇಪರು ಹಂಚಿಕೊಂಡು, ಒಂದೊಂದು ಹಾಳೆ ಒಬ್ಬೊಬ್ಬರು ಹಿಡಿದು, ರಾಜಕೀಯ ಚರ್ಚೆ ಮಾಡುವ ಜಾಗ. ನಾನು ಅದರ ಹೊಸ್ತಿಲು ದಾಟಿದ್ದು ಎರಡೋ ಮೂರೋ ಸಲ. ಇಲ್ಲಿ ಉದ್ದ ಮೇಜುಗಳ ಮುಂದೆ ಹೆಂಗಸರೇ ಕುಳಿತಿದ್ದರು. ಉಸಿರೂ ಕೇಳುವಷ್ಟು ಮೌನ. ಪುಸ್ತಕಗಳಿಗೆ ಸಣ್ಣ ಸಣ್ಣ ದಿಂಬು! ಹಳೆಯ ವಹಿಯ ಬೆನ್ನು ಮುರಿಯಬಾರದೆಂದು ಅದನ್ನು ಬಾಣಂತಿಯ ಹಾಗೆ ದಿಂಬಿಗೆ ಒರಗಿಸಿಯೇ ಓದಬೇಕು.

ಮಾರ್ಗರೆಟ್ ನನಗೆ ಕಪಾಟುಗಳನ್ನು ತೋರಿಸಿದರು. ರಾಣಿಯರ, ದೊಡ್ಡ ಮನೆತನದವರ ಕಾಗದಗಳಿರುತ್ತವೆ ಎಂದುಕೊಂಡಿದ್ದೆ. ಅಲ್ಲಿದ್ದದ್ದು ಅಗಸಗಿತ್ತಿಯೊಬ್ಬಳ ಬಟ್ಟೆಯ ಪಟ್ಟಿ. ಗಿರಣಿಯಲ್ಲಿ ಮುಷ್ಕರ ಹೂಡಿದ ಹುಡುಗಿಯರು ತಾವೇ ಹೊಲಿದ ಬಾವುಟ. ಎಂಟು ಮಕ್ಕಳ ತಾಯಿ ಅಡಿಗೆಯ ಪುಸ್ತಕದ ಅಂಚಿನಲ್ಲಿ ಗಂಡನ ಮೇಲೆ ಬರೆದ ಸಿಟ್ಟಿನ ನಾಲ್ಕು ಸಾಲು. ಇದನ್ನೆಲ್ಲ ಬೆಂಕಿ ತಾಗದ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ. ಮೊದಲು ನನಗೆ ನಗು ಬಂತು. ನಮ್ಮ ಅವ್ವನ ಕೈಬರಹ ಇತ್ತೇ? ಇರಲಿಲ್ಲ. ಇದ್ದಿದ್ದರೆ ಎಲ್ಲಿರುತ್ತಿತ್ತು?

ಕುಳಿತು ಚೀಲದಿಂದ ಪೆನ್ನು ತೆಗೆದೆ. ಮಾರ್ಗರೆಟ್ ಹಾವು ಕಂಡವರ ಹಾಗೆ ಹಾರಿ ಬಂದು ಅದನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಒಂದು ಪೆನ್ಸಿಲ್ ಇಟ್ಟರು. ಇಲ್ಲಿ ಮಸಿಗೆ ಪ್ರವೇಶವಿಲ್ಲ. ನನ್ನ ನೀಲಿ ಸೆರಗನ್ನೂ ಅನುಮಾನದಿಂದ ನೋಡಿದರು. ಒಣಗಿದೆ ಎಂದು ಮುಟ್ಟಿ ತೋರಿಸಿದ ಮೇಲೆಯೇ ವಹಿ ಬಂತು.

ನಾಲ್ಕನೆಯ ದಿನ: ಗುಂಡಮ್ಮ

ವಹಿಯ ಎರಡನೆಯ ಪುಟದಲ್ಲಿ ಹೆಸರಿತ್ತು: ‘ಗುಂಡಮ್ಮ. ಗಾಟಬೊರಾಳ. ಡೋರಾಬಾಯಿ ಅಕ್ಸರಾ ಕಲಿಸ್ಯಾಳ. ನಾ ಬರೀತೀನಿ.’

ಘಾಟಬೋರಾಳ ನಮ್ಮೂರಿನಿಂದ ಬಸ್ಸಿನ ದಾರಿ. ಎಷ್ಟೋ ಸಲ ಆ ಊರಿನ ಮದುವೆಗಳಲ್ಲಿ ಉಂಡು ಬಂದಿದ್ದೇನೆ. ಈ ಗುಂಡಮ್ಮನ ಹೆಸರನ್ನು ಯಾರೂ ಹೇಳಿರಲಿಲ್ಲ.

ಮೂರು ದಿನ ಓದಿದ ಮೇಲೆ ಆಕೆಯ ದನಿ ಕಿವಿಗೆ ಬೀಳತೊಡಗಿತು. ಆಕೆ ಎಲ್ಲೂ ಇಂಥವನ ಹೆಂಡತಿ, ಇಂಥವನ ಸೊಸೆ ಎಂದು ಬರೆದಿಲ್ಲ. ಹಡೆದವಳ ಹೆಸರು ಮಾತ್ರ. ‘ರುಕಮಾಬಾಯಿ. ನಾಕನೇದು. ಹೆಣ್ಣ. ಅತ್ತಿ ಮಾರಿ ತಿರಿವ್ಯಾಳ. ನಾ ಬೆಲ್ಲ ಹಂಚೀನಿ.’ ಇನ್ನೊಂದು ಕಡೆ: ‘ಬಿಸಮಿಲ್ಲಾಬಿ. ಅವಳಿ. ಒಂದು ಉಳೀತು. ಉಳದದ್ದಕ್ಕ ನನ್ನ ಸೆರಗ ಹರದು ಸುತ್ತೀನಿ.’ ಕೆಲವು ಕಡೆ ಒಂದೇ ಮಾತು: ‘ತಾಯಿ ಹೋದಳು.’ ಅಂಥ ಪುಟಗಳಲ್ಲಿ ಆ ದಿನ ಮತ್ತೇನೂ ಬರೆದಿಲ್ಲ, ಉಳಿದ ಜಾಗ ಖಾಲಿ.

ಆ ದಿನ ಮಧ್ಯಾಹ್ನ ಮಾರ್ಗರೆಟ್ ಚಹಾ ಕೊಡುವ ನೆವದಿಂದ ನನ್ನನ್ನು ಹೊರಗೆ ಕರೆದು, ಇಷ್ಟು ದಿನ ಹೇಳದೆ ಇದ್ದುದನ್ನು ಹೇಳಿದರು. ಗ್ರಂಥಾಲಯ ಆ ಕಟ್ಟಡವನ್ನು ಬಿಡಬೇಕಾಗಿತ್ತು. ಹೊಸ ಜಾಗ ಸಣ್ಣದು. ಯಾವುದನ್ನು ಒಯ್ಯುವುದು, ಯಾವುದನ್ನು ಬಿಡುವುದು ಎಂದು ಒಂದು ಸಮಿತಿ ನಿರ್ಧರಿಸುತ್ತದೆ. ಗುಂಡಮ್ಮನ ವಹಿ ಬಿಡುವ ಪಟ್ಟಿಯಲ್ಲಿದೆ. ಹಿಂದೆ ದಕ್ಷಿಣ ಭಾರತದ ಯಾರಿಗೋ ಒಂದೆರಡು ಪುಟ ತೋರಿಸಿದಾಗ ಅವರು, ಅಶುದ್ಧ ಬರಹ, ಮುಖ್ಯವಾದುದೇನೂ ಇಲ್ಲ, ಎಂದು ಚೀಟಿ ಬರೆದುಕೊಟ್ಟಿದ್ದರಂತೆ. ಆ ಚೀಟಿಯಲ್ಲಿ ಭಾಷೆಯ ಹೆಸರಿರಲಿಲ್ಲ, ಹೀಗಾಗಿ ತೆಲುಗು ಇರಬಹುದೆಂದು ಇವರು ಊಹಿಸಿದ್ದರು. ನನ್ನ ಪತ್ರ ಬಂದ ಮೇಲೆ ಮಾರ್ಗರೆಟ್ ಹಟ ಹಿಡಿದು ನನ್ನನ್ನು ಕರೆಸಿದ್ದರು.

ನಾನು ಮುಂದಿನ ವಾರ ಸಮಿತಿಯ ಮುಂದೆ ಮಾತಾಡಬೇಕು. ಮುಖ್ಯ ಎಂದರೆ ಉಳಿಯುತ್ತದೆ. ಅಲ್ಲ ಎಂದರೆ?

ಅಲ್ಲ ಎಂದರೆ ಅವರಿಗೆ ಅದರಿಂದ ಕೆಲಸವಿಲ್ಲ, ನಿಮ್ಮ ದೇಶದ್ದು, ಬೇಕಾದರೆ ನೀವೇ ಒಯ್ಯಬಹುದು ಎಂದರು ಮಾರ್ಗರೆಟ್. ಅವರು ಅದನ್ನು ಸಹಜವಾಗಿ ಹೇಳಿದರು. ನಾನು ಚಹಾ ಅರ್ಧಕ್ಕೇ ಬಿಟ್ಟು ವಹಿಯ ಬಳಿಗೆ ಹೋದೆ.

ಆದಿತ್ಯವಾರ: ಸಕೀನಾರ ಅಡಿಗೆಮನೆ

ಊಟದ ಮಾತು ಹೇಳುತ್ತೇನೆಂದೆ. ಮಾರ್ಗರೆಟ್ ಬೇಯಿಸಿದ ಆಲೂಗಡ್ಡೆಯನ್ನು ಪ್ರೀತಿಯಿಂದ ಬಡಿಸುತ್ತಿದ್ದರು, ನಾನು ಮನೆಯಿಂದ ಒಯ್ದಿದ್ದ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ, ಉದುರಿಸಿಕೊಂಡು ತಿನ್ನುತ್ತಿದ್ದೆ. ಹಿಂಡಿ ಐದು ದಿನಕ್ಕೆ ಮುಗಿಯಿತು. ನನ್ನ ಡಬ್ಬಿಯ ತಳದ ಪುಡಿಯನ್ನು ಕೊನೆಗೆ ಮಾರ್ಗರೆಟ್ ಬೆರಳಿಗೆ ಹಚ್ಚಿ ನೆಕ್ಕುವುದನ್ನು ಕಂಡೆ. ಇಬ್ಬರೂ ನಕ್ಕೆವು.

ಆದಿತ್ಯವಾರ ಸಕೀನಾ ನನ್ನನ್ನು ಮನೆಗೆ ಕರೆದರು. ನಾನು ಮಾಂಸ ತಿನ್ನುವುದಿಲ್ಲವೆಂದು ಹೊಸ ಪಾತ್ರೆ ತೆಗೆದು, ಅದರಲ್ಲಿ ಬೇಳೆ, ಮೆಂತ್ಯ ಪಲ್ಯ, ಬಿಸಿ ರೊಟ್ಟಿ ಮಾಡಿದ್ದರು. ಉಂಡ ಮೇಲೆ ಅಡಿಗೆಮನೆಯಲ್ಲೇ ಕುಳಿತು ನಾನು ಗುಂಡಮ್ಮನ ಮಾತುಗಳನ್ನು ಉರ್ದುವಿನಲ್ಲಿ ಹೇಳಿದೆ. ಪಾತ್ರೆ ತೊಳೆಯುತ್ತಿದ್ದ ಸಕೀನಾ ನೀರು ನಿಲ್ಲಿಸಿದರು.

ಅವರು ಈ ಊರಿನಲ್ಲಿ ಮೂರು ಮಕ್ಕಳನ್ನು ಹಡೆದಿದ್ದರು. ಒಂದೊಂದು ಸಲವೂ ಸುತ್ತ ಭಾಷೆ ಬಾರದ ಜನ. ನೋವು ಎಲ್ಲಿ ಎಂದು ಹೇಳಲು ಮಾತಿರಲಿಲ್ಲ. ತನ್ನ ಹೆಸರನ್ನು ಕೂಡ ಕಾಗದದಲ್ಲಿ ತಪ್ಪು ಬರೆದುಕೊಂಡರು, ತಿದ್ದಲು ಬರಲಿಲ್ಲ ಎಂದರು. ಬೆಲ್ಲ ಹಂಚುವವರು ಯಾರಿದ್ದರು ಎಂದು ನಕ್ಕರು.

ನನ್ನ ಮನಸ್ಸಿನಲ್ಲಿದ್ದುದನ್ನು ಆಗ ಅವರಿಗೆ ಹೇಳಿದೆ. ಮುಖ್ಯವಲ್ಲ ಎಂಬ ಒಂದು ಸುಳ್ಳು ಸಾಕು, ವಹಿ ನನ್ನ ಪೆಟ್ಟಿಗೆಗೆ ಬರುತ್ತದೆ. ಅದು ನಮ್ಮ ಮಣ್ಣಿನದು. ಇವರಿಗೆ ಯಾಕೆ ಬಿಡಬೇಕು? ಡೋರಾಬಾಯಿ ಅದನ್ನು ಕೇಳಿ ತಂದಳೋ ಹೇಳದೆ ತಂದಳೋ ಯಾರು ಬಲ್ಲರು?

ಸಕೀನಾ ಕೈ ಒರೆಸಿಕೊಂಡು ಎದುರಿಗೆ ಬಂದು ಕುಳಿತರು. ಆಮೇಲೆ, ಒಯ್ದರೆ ಎಲ್ಲಿ ಇಡುತ್ತೀ ಎಂದು ಕೇಳಿದರು. ನಾನು ನಮ್ಮ ಮನೆಯನ್ನು ನೆನೆಸಿಕೊಂಡೆ. ಅಪ್ಪನ ವಚನದ ಕಟ್ಟು ಮಾಡಿನ ಕೆಳಗೆ ಗೆದ್ದಲು ಹಿಡಿದು ಮಣ್ಣಾಗಿತ್ತು. ಶಾಲೆಯಲ್ಲಿ ಹಳೆಯ ದಾಖಲೆಗಳನ್ನು ಬೇಸಿಗೆಗೊಮ್ಮೆ ರದ್ದಿಗೆ ಹಾಕುತ್ತಾರೆ. ಅವರೇ ಮತ್ತೆ ಹೇಳಿದರು: ನನ್ನ ಹೆಣ್ಣುಮಕ್ಕಳು ಇನ್ನು ಈ ಊರಿನವರೇ. ಆ ದೊಡ್ಡ ಬಾಗಿಲ ಒಳಗೆ ನಮ್ಮಂಥವರದೂ ಒಂದು ಇದೆ ಎಂದು ಅವರಿಗೆ ತೋರಿಸುವ ಹಾಗಿದ್ದರೆ ಚೆನ್ನಾಗಿತ್ತು. ಆದರೆ ನಿನ್ನದು, ನೀನು ನೋಡಿಕೋ.

ಹನ್ನೊಂದನೆಯ ದಿನ: ಸಮಿತಿ

ಮೇಜಿನ ಆಚೆ ಆರು ಜನ ಕುಳಿತಿದ್ದರು, ನಾಲ್ವರು ಹೆಂಗಸರು, ಇಬ್ಬರು ಗಂಡಸರು. ಹಿಂದಿನ ಗೋಡೆಯ ಬಳಿ ಮಾರ್ಗರೆಟ್, ಅವರ ಪಕ್ಕದಲ್ಲಿ ಕೆಲಸದ ಕೋಟಿನಲ್ಲೇ ಬಂದಿದ್ದ ಸಕೀನಾ. ಮಾರ್ಗರೆಟ್‌ರೇ ಹೋಗಿ ಕರೆತಂದಿದ್ದರು.

ನಿಜ ಹೇಳುತ್ತೇನೆ, ಕುರ್ಚಿಯಲ್ಲಿ ಕುಳಿತುಕೊಳ್ಳುವವರೆಗೂ ನಾನು ಏನು ಹೇಳುವವಳಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ವಹಿಗೆ ಜಾಗವನ್ನಂತೂ ಮಾಡಿಟ್ಟಿದ್ದೆ.

ಒಬ್ಬ ಹಿರಿಯರು ಬಹಳ ಸೌಜನ್ಯದಿಂದಲೇ ಕೇಳಿದರು, ಇದರಲ್ಲಿ ಇತಿಹಾಸದ ಘಟನೆ ಏನಾದರೂ ಇದೆಯೇ, ಬರಿ ಹೆರಿಗೆಗಳ ಪಟ್ಟಿಯೇ ಎಂದು. ಬರಿ ಎಂಬ ಆ ಮಾತು ನನ್ನನ್ನು ಕುಟುಕಿತು. ಇಲ್ಲ ಎಂದುಬಿಟ್ಟರೆ ಆಯಿತು. ವಹಿ ದಿಂಬಿನ ಮೇಲೆ ನನ್ನ ಮುಂದೆಯೇ ಇತ್ತು. ನಾನು ಉತ್ತರ ಹೇಳುವ ಬದಲು ಅದರ ಕೊನೆಯ ಭಾಗದ ಒಂದು ಪುಟ ತೆರೆದು ಕನ್ನಡದಲ್ಲೇ ಓದಿದೆ.

‘ಗಡಿಬಿಡಿ ಸುರು. ಕಬ್ಬಿನ ಹೊಲದಾಗ. ಗೋರ್ಟಾ ಕಡಿಂದ ಓಡಿ ಬಂದಾಕಿ. ಹೆಸರ ಕೇಳಾಕ ಯಾಳ್ಯಾ ಇರಲಿಲ್ಲ. ದನಿ ಹೊರಗ ಬರಬಾರದಂತ ಬಾಯಾಗ ಸೆರಗ ತುರಕೊಂಡು ಹಡದಾಳ. ಗಂಡ ಕೂಸ. ಅದೂ ಅಳಲಿಲ್ಲ. ಇಬ್ಬರೂ ಸುಕ.’

ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಇಂಗ್ಲಿಷ್ ಅಷ್ಟು ಒಳ್ಳೆಯದಲ್ಲ. ಆ ದಿನ ಒಳ್ಳೆಯದಿರುವುದು ಬೇಕಾಗಲೂ ಇಲ್ಲ. ನಮ್ಮ ಸೀಮೆಯಲ್ಲಿ ನಲವತ್ತೆಂಟರಲ್ಲಿ ನಿಜಾಮರ ಕಡೆಯ ರಜಾಕಾರರ ಹಾವಳಿಯಾಯಿತು, ಗೋರ್ಟಾದಂಥ ಹಳ್ಳಿಗಳಲ್ಲಿ ಎಷ್ಟೋ ಜನ ಸತ್ತರು, ಅದನ್ನು ಗಂಡಸರು ಬರೆದಿದ್ದಾರೆ, ಬರೆಯಬೇಕಾದದ್ದೇ. ಆ ದಿನಗಳಲ್ಲಿ ಯಾರು ಹುಟ್ಟಿದರು, ಹೇಗೆ ಹುಟ್ಟಿದರು ಎಂದು ಬರೆದವಳು ನಾನು ಕಂಡಂತೆ ಇವಳೊಬ್ಬಳೇ. ಇದು ಅಶುದ್ಧ ಬರಹವಲ್ಲ, ನಮ್ಮ ಮಾತು. ಇದನ್ನು ಬಿಡಬೇಡಿ. ನನಗೆ ಇದನ್ನು ಮನೆಗೆ ಒಯ್ಯುವ ಆಸೆಯಿತ್ತು, ಅದಕ್ಕಾಗಿ ಸುಳ್ಳು ಹೇಳೋಣವೆಂದೂ ಇದ್ದೆ. ಹೇಳಲಾರೆ.

ಇಷ್ಟು ಹೇಳಿ ನಿಲ್ಲಿಸಿದೆ. ಪ್ರಶ್ನೆ ಕೇಳಿದ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇನ್ನೊಮ್ಮೆ ನಿಮ್ಮ ಭಾಷೆಯಲ್ಲಿ ಓದುವಿರಾ ಎಂದು ಕೇಳಿದರು. ಓದಿದೆ. ಈ ಬಾರಿ ‘ಇಬ್ಬರೂ ಸುಕ’ ಎಂಬುದನ್ನು ಎರಡು ಸಲ ಓದಿದೆ.

ಹೊರಡುವ ಹಿಂದಿನ ದಿನ: ಒಂದು ಚೀಟಿ

ವಹಿ ಉಳಿಯಿತು. ಅದರ ಪ್ರತಿ ಪುಟದ ನಕಲು ಮಾಡಿಸಿ ಎರಡು ದಪ್ಪ ಕಟ್ಟುಗಳನ್ನು ನನಗೆ ಕೊಟ್ಟರು.

ಮಾರ್ಗರೆಟ್ ನನ್ನನ್ನು ಸಣ್ಣ ಸಣ್ಣ ಸೆಳೆಖಾನೆಗಳಿದ್ದ ಒಂದು ಬೀರುವಿನ ಮುಂದೆ ಕರೆದೊಯ್ದರು. ಗ್ರಂಥಾಲಯದಲ್ಲಿರುವ ಪ್ರತಿಯೊಂದಕ್ಕೂ ಅದರಲ್ಲಿ ಒಂದು ರಟ್ಟಿನ ಚೀಟಿ. ಗುಂಡಮ್ಮನ ವಹಿಯ ಹಳೆಯ ಚೀಟಿಯಲ್ಲಿ, ಬರೆದವರ ಜಾಗದಲ್ಲಿ ಡೋರಾಳ ಹೆಸರಿತ್ತು. ಮಾರ್ಗರೆಟ್ ಅದನ್ನು ತೆಗೆದು, ಟೈಪ್‌ರೈಟರಿಗೆ ಹೊಸ ಚೀಟಿ ಸಿಕ್ಕಿಸಿ, ಮನೆತನದ ಹೆಸರೇನು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಗಂಡನ ಹೆಸರು? ಅದೂ ವಹಿಯಲ್ಲಿಲ್ಲ. ಅವರಿಗೆ ಪೇಚಾಟವಾಯಿತು, ಅವರ ಲೆಕ್ಕದಲ್ಲಿ ಎರಡನೆಯ ಹೆಸರಿಲ್ಲದೆ ಚೀಟಿ ಯಾವ ಸೆಳೆಖಾನೆಗೂ ಸೇರುವುದಿಲ್ಲ. ಕೊನೆಗೆ ನಾನು ಊರಿನ ಹೆಸರು ಹಾಕಿ ಎಂದೆ. ಅಕ್ಷರ ಅಕ್ಷರವಾಗಿ ಹೇಳಿದೆ, ಅವರು ಒಂದೊಂದೇ ಬೆರಳಿನಿಂದ ಒತ್ತಿದರು. ಗುಂಡಮ್ಮ, ಘಾಟಬೋರಾಳ. ಕೆಲಸ: ಸೂಲಗಿತ್ತಿ, ಬರಹಗಾರ್ತಿ.

ಬರಹಗಾರ್ತಿ ಎಂಬುದು ಮಾರ್ಗರೆಟ್ ತಾವೇ ಸೇರಿಸಿದ್ದು. ನಾನು ಹೊರಟ ಮೇಲಿನ ಶನಿವಾರ ಸಕೀನಾ ತಮ್ಮ ಹಿರಿಯ ಮಗಳನ್ನು ಕರೆತಂದು ಆ ಚೀಟಿ ತೋರಿಸಿದರೆಂದು ಮುಂದೆ ಮಾರ್ಗರೆಟ್‌ರ ಪತ್ರ ಬಂತು. ಸಕೀನಾರಂಥ ತಾಯಂದಿರ ಹೆರಿಗೆಯ ಕತೆಗಳನ್ನು ಅವರ ಭಾಷೆಯಲ್ಲೇ ಬರೆದುಕೊಳ್ಳಲು ಹುಡುಗಿ ಒಪ್ಪಿದ್ದಳಂತೆ, ಮೊದಲು ತನ್ನ ತಾಯಿಯದು.

ಚಿಟಗುಪ್ಪ

ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಪ್ರವಾಸ ಘಾಟಬೋರಾಳಕ್ಕೆ. ಗುಂಡಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಕಾಶಮ್ಮ ಎಂಬ ಮಗಳೊಬ್ಬಳಿದ್ದಾಳೆ, ಚಿಟಗುಪ್ಪಕ್ಕೆ ಕೊಟ್ಟಿದೆ ಎಂದರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅಲ್ಲಿಗೆ ಹೋದೆ.

ಕಾಶಮ್ಮನ ಮನೆ ಬಸ್ ನಿಲ್ದಾಣದ ಹಿಂದೆಯೇ. ಅರವತ್ತರ ಮೇಲಿನ ಗಟ್ಟಿ ಹೆಂಗಸು. ಜ್ವಾಳ ಹಸನು ಮಾಡುತ್ತಿದ್ದರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿ ಕಟ್ಟು ಬಿಚ್ಚಿದೆ. ಅವರಿಗೆ ಓದಲು ಬಾರದು. ಅವ್ವನ ಅಕ್ಷರದ ಮೇಲೆ ಬೆರಳಾಡಿಸಿದರು. ನಾನು ಓದುತ್ತಾ ಹೋದೆ. ರುಕ್ಮಾಬಾಯಿಯ ಬೆಲ್ಲದ ಸಾಲು ಬಂದಾಗ ಕಾಶಮ್ಮ ಮೊರ ಕೆಳಗಿಟ್ಟರು. ಆ ಬೆಲ್ಲವನ್ನು ಮನೆ ಮನೆಗೆ ಕೊಟ್ಟು ಬಂದವಳು ನಾನೇ, ಆಗ ಸಣ್ಣ ಹುಡುಗಿ, ದಾರಿಯಲ್ಲಿ ಅರ್ಧ ನಾನೇ ತಿಂದಿದ್ದೆ ಎಂದರು.

ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ ಕೇಳಿದೆ. ಡೋರಾಬಾಯಿ ವಹಿಯನ್ನು ಹೇಳದೆ ಒಯ್ದಳೋ?

“ಇಲ್ರಿ ಅಕ್ಕೋರೆ. ನಮ್ಮವ್ವನೇ ಕೊಟ್ಟಾಳ. ಮನ್ಯಾಗ ಇಟ್ರ ಗಂಡಸರು ಹಾಳಿ ಹರದು ತಂಬಾಕ ಕಟ್ಟಿಕೊಂತಿದ್ರು. ಈ ಹೆಸರೆಲ್ಲ ಉಳೀಬೇಕು, ನೀನೇ ಒಯ್ಯಿ ಅಂದಿದ್ಲು.” ಹಾಳೆಯನ್ನು ಮತ್ತೊಮ್ಮೆ ಮುಟ್ಟಿ ಕೇಳಿದರು, “ಅಲ್ಲಿ ಅದನ್ನ ಖರೇನ ಓದತಾರೇನ್ರಿ?”

ಓದುತ್ತಾರೆ ಎಂದೆ. ದಿಂಬಿನ ಮೇಲಿಟ್ಟು ಓದುತ್ತಾರೆ ಎಂದೂ ಹೇಳಿದೆ. ಅದಕ್ಕೆ ಅವರು ಬಹಳ ನಕ್ಕರು.

ಆಮೇಲೆ ಅವರು ಹೇಳಿದ್ದು ನನಗೆ ಗೊತ್ತಿರಲಿಲ್ಲ. ಅವ್ವನ ಕೈಹಿಡಿದು ಅವರೂ ಅದೇ ಕೆಲಸ ಕಲಿತಿದ್ದರು. ಚಿಟಗುಪ್ಪ, ಅದರ ಸುತ್ತಲಿನ ಹಳ್ಳಿಗಳು, ಕುರುಬರ ಹಟ್ಟಿಗಳು, ಎಲ್ಲ ಕಡೆ ಮೂವತ್ತು ವರ್ಷ ಹೆರಿಗೆ ಮಾಡಿಸಿದ್ದರು. ಅಕ್ಷರ ಬಾರದ ಕಾರಣ ಬರೆದಿಡಲಿಲ್ಲ. ನೆನಪಿದೆಯೇ ಎಂದು ಕೇಳಿದೆ.

“ಹಡದಾಕಿ ಮಾರಿ ಮರೀತದೇನ್ರಿ? ಬರಕೋರಿ,” ಎಂದರು.

ಚೀಲದಲ್ಲಿ ಮಕ್ಕಳ ಹೊಸ ವಹಿಯೊಂದಿತ್ತು. ಕಾಶಮ್ಮ ಓಣಿಯ ಒಂದು ತುದಿಯಿಂದ ಹಿಡಿದು ಮನೆ ಮನೆಯಾಗಿ ಹೇಳುತ್ತಾ ಹೋದರು; ಹೆಸರು, ಎಷ್ಟನೆಯದು, ಎಂಥ ಕಷ್ಟ, ಯಾರು ಸುಖ. ಕೆಲವು ಕಡೆ ಸುಮ್ಮನಾಗುತ್ತಿದ್ದರು. ನಾನು ಅಷ್ಟು ಜಾಗ ಖಾಲಿ ಬಿಟ್ಟೆ. ಮೂರು ಗಂಟೆಯ ಬಸ್ಸು ಹೋಯಿತು. ನಾಲ್ಕೂವರೆಯದೂ ಹೋಯಿತು. ಆ ದಿನದ ಕೊನೆಯ ಬಸ್ಸು ಬಂದಾಗ ಕಾಶಮ್ಮನೇ ಎಬ್ಬಿಸಿ, ಮುಂದಿನ ಶನಿವಾರ ಬರ್ರಿ ಎಂದು ನಿಲ್ದಾಣದವರೆಗೆ ಬಂದರು.

ನಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದೆ. ಅವರಿಗೆ ಏನೋ ನೆನಪಾಗಿ ಕಂಡಕ್ಟರನ ಕಡೆ ಕೈ ಎತ್ತಿದರು.

“ಥೋಡೆ ನಿಲ್ಲಸ್ರಿ ಮಾಮಾ. ಈ ಓಣಿದು ಇನ್ನೊಂದು ಹೆಸರು ಉಳದದ.”

ಕಂಡಕ್ಟರನಿಗೆ ಏನು ಅರ್ಥವಾಯಿತೋ, ಡ್ರೈವರನಿಗೆ ಹೇಳಿ ಇಂಜಿನ್ನನ್ನೇ ಬಂದ್ ಮಾಡಿಸಿದ. ನಾನು ಬಾಗಿಲ ಕಂಬಿಗೆ ವಹಿ ಒತ್ತಿ ಹಿಡಿದು ಬರೆದುಕೊಂಡೆ. ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಿದ್ದ ಒಬ್ಬ ಹೆಣ್ಣುಮಗಳು, ಏನ್ ಬರಿಯಾಕತ್ತೀರಿ ಎಂದು ಕೇಳಿದಳು. ಹೇಳಿದೆ. ಆಕೆ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದಳು.

“ಇಲ್ಲಿ ಕೂಡ್ರಿ. ನಮ್ಮವ್ವಂದೂ ಬರಕೋರಿ,” ಎಂದಳು.

ಹಿಂದಿನ ಸೀಟಿನ ಇಬ್ಬರು ಮುಂದಕ್ಕೆ ಬಾಗಿದರು. ಬಸ್ಸು ಹೊರಟಿತು. ರಸ್ತೆ ಕೆಟ್ಟದ್ದು, ಅಕ್ಷರಗಳು ಹಾರಿ ಹಾರಿ ಬೀಳುತ್ತಿದ್ದವು. ಹುಮನಾಬಾದ ಬರುವವರೆಗೂ ನಾನು ತಲೆ ಎತ್ತಲಿಲ್ಲ.